ಇನ್ನೂ ನಕ್ಕಿಲ್ಲ

ಕಿತ್ತಳೆ ಬಣ್ಣದ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟು
ಅದರೊಳಗಿರುವಷ್ಟು ಸಕ್ಕರೆಯನ್ನು
ಹಳೇ ಪೇಪರಿನ ಮೇಲೆ ಸುರಿಯಲು ಹೇಳಿದೆ.
ಒಂದು, ಎರಡು, ಮೂರು. ಏಳನೇ ಕ್ಲಾಸು ಒಟ್ಟಿಗೆ ಎಣಿಸಿತು.
ಹನ್ನೆರಡನೇ ಚಮಚಕ್ಕೆ ದನಿ ಇಳಿಯಿತು.
ಹಿಂದಿನ ಬೆಂಚಿನ ಗಗನ್ ಮಾತ್ರ
ಬೆರಳು ಅದ್ದಿ ನೆಕ್ಕಿದ.

ಪುಸ್ತಕದಲ್ಲಿ ಬೀಗ, ಬೀಗದಕೈ ಇದೆ.
ಶಿಡ್ಲಘಟ್ಟದ ಮಕ್ಕಳಿಗೆ ಅದು ಬೇಕಿಲ್ಲ.
ಗೂಡಿನ ಮಾರ್ಕೆಟ್ಟಿಗೆ ಬೆಳಗ್ಗೆ ಬರೋ ಟೆಂಪೋ ನೆನೆಸ್ಕೊಳ್ಳಿ, ಅಂದೆ.
ಗೇಟು ತೆಗೆಯೋನು ಒಬ್ಬನೇ.
ದಿನಾ ನೂರು ಬರೋ ಕಡೆ ಮುನ್ನೂರು ಬಂದರೆ?
"ಜಾಮ್ ಆಗುತ್ತೆ ಮಿಸ್!"
"ಗೇಟಿನೋನು ಬೈದು ಮಲಗಿಬಿಡ್ತಾನೆ!"
"ತಡವಾದರೆ ಗೂಡು ತೂತು ಬೀಳುತ್ತೆ!"
ಹೌದು. ಒಳಗೆ ಹಸಿವು, ರಸ್ತೆ ತುಂಬ ಸಿಹಿ.
ರಕ್ತ ಅಂದರೆ ಆ ರಸ್ತೆ.

ಹುಳ ಸಾಕುವ ಮನೆಯ ಗಂಗರತ್ನ ಎದ್ದು ನಿಂತಳು:
"ನಾಲ್ಕನೇ ಜ್ವರ ಎದ್ದ ಮೇಲೆ ಹುಳ
ರಾತ್ರಿಯೆಲ್ಲ ಸದ್ದು ಮಾಡ್ಕೊಂಡು ತಿನ್ನುತ್ತೆ ಮಿಸ್.
ಹಣ್ಣಾದ ದಿನ ಎಂಥ ಸೊಪ್ಪು ಹಾಕಿದರೂ
ತಲೆ ಎತ್ತಿಬಿಡುತ್ತೆ. ಸಾಕು ಅನ್ನುತ್ತೆ.
ನಾವ್ಯಾಕೆ ಅನ್ನಲ್ಲ?"

ಪಾಠದ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ.
ನಾನೂ ಅನ್ನುವವಳಲ್ಲ.
ಚಾಕ್‌ಪೀಸಿನ ಡಬ್ಬಿಯ ತಳದಲ್ಲಿ
ಬಿಳಿಯ ನಡುವೆ ಬಿಳಿಯಾಗಿ ಬಚ್ಚಿಟ್ಟ ಮಾತ್ರೆಗೆ
ಈಗ ಆರು ವರ್ಷ.
ಸ್ಟಾಫ್ ರೂಮಿನಲ್ಲಿ ಎರಡು ಚಮಚದ ಟೀ.
ಹುಟ್ಟುಹಬ್ಬದ ಚಾಕೊಲೇಟಿಗೆ ಮೊದಲು ಚಾಚುವ ಕೈ ನನ್ನದೇ.

ಅಂಟುತ್ತಾ ಮಿಸ್? ಇಲ್ಲ.
ಮುದ್ದೆ ತಿಂದರೆ ಬರಲ್ಲವಂತೆ?
ಎಷ್ಟು ಮುದ್ದೆ, ಎಷ್ಟು ನಡಿಗೆ, ಅದನ್ನು ಕೇಳು.
ನಮ್ಮಜ್ಜಿ ಹಾಗಲಕಾಯಿ ರಸ ಕುಡಿದು ಮಾತ್ರೆ ಬಿಟ್ಟವಳೆ.
ಬಿಡಬೇಡ ಅಂತ ಹೇಳು. ಇವತ್ತೇ ಹೇಳು.
ನಮ್ಮಂಥೋರಿಗೂ ಬರುತ್ತಾ?
ಮೊದಲೆಲ್ಲ ಅಪರೂಪ ಇತ್ತು, ಅಂದೆ,
ಕಿಟಕಿಯಾಚೆ ಆಟದ ಮೈದಾನದಲ್ಲಿ
ಸಾಲಾಗಿ ನಿಂತ ಕಾರುಗಳನ್ನು ನೋಡುತ್ತ.

ಆಮೇಲೆ ಮುಬೀನಾ ತಾಜ್.
ವರ್ಷವೆಲ್ಲ ಬಾಯಿ ಬಿಡದವಳು, ಹೆಮ್ಮೆಯಿಂದ:
"ನಮ್ ಅಬ್ಬಾಗೆ ಬಿಸಿ ತಾಕಲ್ಲ ಮಿಸ್.
ಬೇಸಿನ್ ನೀರು ಕಾಲ ಮೇಲೆ ಚೆಲ್ಲಿದರೂ ಹಾ ಅನ್ನಲ್ಲ.
ರೀಲಿಂಗಲ್ಲಿ ಎಲ್ಲರೂ ಅಂತಾರೆ,
ಅಮೀರ್‌ಜಾನ್ ಕಾಲು ಕಬ್ಬಿಣ."
ಕ್ಲಾಸು ಚಪ್ಪಾಳೆ ತಟ್ಟಿತು.
"ರಾತ್ರಿ ತುಂಬ ನೀರು ಕುಡೀತಾರಾ?"
"ಚೊಂಬು ಪಕ್ಕದಲ್ಲಿಟ್ಕೊಂಡೇ ಮಲಗ್ತಾರೆ.
ನಿಮಗೆ ಹೆಂಗ್ ಗೊತ್ತು?"

ಗುರುವಾರ, ಸರ್ಕಾರಿ ಆಸ್ಪತ್ರೆ.
ಶರ್ಟಿಗೆ ಬೆಂದ ಗೂಡಿನ ವಾಸನೆ,
ನೀರಲ್ಲಿ ನೆನೆದು ಬಿಳಿಚಿದ ಬೆರಳ ತುದಿ.
ಮೂವತ್ತು ವರ್ಷ ಹಬೆಯ ನಡುವೆ ಕೂತು
ಕಣ್ಣಿಗೆ ಸಿಗದ ಎಳೆಯ ತುದಿಯನ್ನು
ಮುಟ್ಟಿಯೇ ಹುಡುಕಿದ ಮನುಷ್ಯ.
ನರ್ಸಮ್ಮ ಅವನ ಕಣ್ಣು ಮುಚ್ಚಿಸಿ
ನೂಲಿನಂಥದ್ದೊಂದು ಎಳೆಯನ್ನು
ಕಾಲ ಹೆಬ್ಬೆರಳಿಗೆ ತಾಕಿಸಿದಳು. ಅಂಗಾಲಿಗೆ.
ಆ ಕಾಲಿಗೆ. ಮತ್ತೆ ಈ ಕಾಲಿಗೆ.
ಅಮೀರ್‌ಜಾನ್ ಕಣ್ಣು ಮುಚ್ಚಿಕೊಂಡೇ, ವಿನಯದಿಂದ:
"ಯಾವಾಗ ಶುರು ಮಾಡ್ತೀರಮ್ಮ?"

ಮುಬೀನಾ ನೋಡುತ್ತಿದ್ದಳು.
ನನ್ನ ಸೆರಗಿನ ತುದಿ ಅವಳ ಮುಷ್ಟಿಯಲ್ಲಿ
ಮುದುಡಿಕೊಂಡದ್ದು ಮನೆಗೆ ಹೋದ ಮೇಲೆ ಕಂಡಿತು.

ಶುಕ್ರವಾರ ಡಬ್ಬಿಯ ತಳದಿಂದ ಮಾತ್ರೆ ತೆಗೆದು
ಇಡೀ ಕ್ಲಾಸಿನ ಮುಂದೆ ನುಂಗಿದೆ.
ಗಗನ್ ನೀರು ತಂದುಕೊಟ್ಟ.
ಯಾರೂ ಏನೂ ಕೇಳಲಿಲ್ಲ, ಅದೇ ಕಷ್ಟವಾಯಿತು.

ತಿಂಗಳಾಯಿತು. ಅಮೀರ್‌ಜಾನ್ ಕಾಲಿಗೆ ಈಗ ರಬ್ಬರ್ ಬೂಟು,
ಜೇಬಿನಲ್ಲಿ ಮಾತ್ರೆ ಚೀಟಿ,
ಸಂಜೆ ಕೆರೆ ಏರಿ ಮೇಲೆ ಒಂದು ಸುತ್ತು, ಗೊಣಗುತ್ತ.
ರಾತ್ರಿ ಟಾರ್ಚ್ ಹಿಡಿದು ಅಂಗಾಲು ನೋಡುವ ಕೆಲಸ ಮಗಳದ್ದು:
ಗಾಯ, ಬೊಬ್ಬೆ, ಬಿರುಕು.
"ನೋಡಿ ಆದ ಮೇಲೆ ದಿನಾ ಕಚಗುಳಿ ಇಡ್ತೀನಿ ಮಿಸ್,"
ಅಂದಳು, ಹಾಜರಿ ಕೂಗುವ ಹೊತ್ತಿಗೆ,
"ಇನ್ನೂ ನಕ್ಕಿಲ್ಲ."