ತಗಡಿನ ಹಿಂಬದಿ

ಇನಾಸಪ್ಪ, ಬೋರ್ಡು ಬರೆಯುವವನು, ಸಿದ್ದಾಪುರ.
ನಲವತ್ತು ವರ್ಷ ಬರೆದದ್ದು ಹೆಚ್ಚುಕಡಿಮೆ ಒಂದೇ ಮಾತು:
ಖಾಸಗಿ ತೋಟ. ಒಳಗೆ ಪ್ರವೇಶವಿಲ್ಲ.
ಕೆಂಪು ಎನಾಮೆಲ್, ಬಿಳಿ ಅಂಚು,
‘ವಿ’ಗೆ ಗುಡಿಸು ಎಳೆಯುವಾಗ
ಉಸಿರು ಹಿಡಿಯಬೇಕು. ಅಷ್ಟೇ ನನ್ನ ವಿದ್ಯೆ.

ಹಿಂಬದಿಯ ಮಾತು ಬೇರೆ.

ಮಧ್ಯಾಹ್ನ, ತಗಡು ಒಣಗುವ ತನಕ,
ಬಿಸಿಲಿಗೆ ಮುಖ ಕೊಟ್ಟು ಕಣ್ಣು ಮುಚ್ಚಿ ಕೂರುತ್ತೇನೆ.
ರೆಪ್ಪೆಯ ಹಿಂದೆ ಮೊದಲು ಹಣ್ಣು ಕಾಫಿಯ ಕೆಂಪು,
ಯಾವ ಆಳೂ ಕೊಯ್ಯದ ಕೆಂಪು.
ಅಂಗೈ ಬುಡದಿಂದ ಮೆಲ್ಲಗೆ ಒತ್ತಿದರೆ
ಚೌಕಳಿ ಏಳುತ್ತದೆ, ಚಾಪೆ ಹೆಣೆದ ಹಾಗೆ,
ಹೆಣೆದದ್ದು ಬಿಚ್ಚಿ, ಬಿಚ್ಚಿದ್ದು ನಡುಗಿ,
ಆಮೇಲೆ ಒಂದು ಹಸಿರು ಉಂಗುರ,
ಅದರೊಳಗೆ ಇನ್ನೊಂದು,
ನಡುವೆ ಕಪ್ಪು; ಆ ಕಪ್ಪಿಗೂ ಒಂದು ಹೊಳಪು.
ವಿರಾಜಪೇಟೆಯ ಅಂಗಡಿಯ ಶೇಡ್ ಕಾರ್ಡೆಲ್ಲ ತಿರುವಿದ್ದೇನೆ.
ಇಲ್ಲ.

ತುಕ್ಕು ಹಿಡಿಯದಿರಲೆಂದು ಹಿಂಬದಿಗೂ
ಒಂದು ಕೈ ಬಳಿಯುವುದು ವಾಡಿಕೆ.
ಅಲ್ಲಿ ಬರೆಯತೊಡಗಿದೆ,
ಡಬ್ಬದ ತಳ ಕೆರೆದ ಬಣ್ಣದಲ್ಲಿ, ಬೆರಳಲ್ಲೇ,
ಕಣ್ಣು ತೆರೆದರೆ ಓಡಿಬಿಡುತ್ತವೆಂದು ಮುಚ್ಚಿಕೊಂಡೇ.
ಸಿಲ್ವರ್ ಓಕಿಗೆ ಮೊಳೆ ಹೊಡೆದ ಮೇಲೆ
ಹಿಂಬದಿ ಕಾಣುವುದು ಮರಕ್ಕೆ,
ಮರ ಹತ್ತಿದ ಮೆಣಸಿನ ಬಳ್ಳಿಗೆ.

ಫಿಲೋಮಿನಾಳಿಗೂ ಹೇಳಿರಲಿಲ್ಲ.
ಏನೆಂದು ಹೇಳುವುದು?
ನನ್ನದು ಅನ್ನಲಾಗದಷ್ಟು ಒಳಗಿನದು.

ಹೋದ ಮೇ ತಿಂಗಳು
ಎಡಗಣ್ಣಿನ ಮೂಲೆಯಲ್ಲಿ ಮಿಂಚು ಶುರುವಾಯಿತು,
ಒತ್ತದೆಯೇ, ಬಿಸಿಲಿಲ್ಲದೆಯೇ.
ಕತ್ತಲಲ್ಲಿ ತಲೆ ತಿರುಗಿಸಿದರೆ ಬೆಳ್ಳಿಯ ಕುಡುಗೋಲು.
ಮಡಿಕೇರಿಯ ಡಾಕ್ಟರು ಹನಿ ಹಾಕಿ, ದೀಪ ಹಿಡಿದು,
“ಒಳಪರದೆ ಸಡಿಲವಾಗುತ್ತಿದೆ” ಅಂದರು.
ಆ ದೀಪದಲ್ಲಿ ನನ್ನ ಕಣ್ಣಿನ ನರಗಳೇ ನನಗೆ ಕಂಡವು:
ಎಲೆ ಉದುರಿಸಿ ನಿಂತ ಹಾಲುವಾಣ,
ಕೊಂಬೆ ಕೊಂಬೆಯೂ ಕಪ್ಪು.
“ಇನ್ನೊಂದು ಸಲ ಹಿಡಿಯಿರಿ, ಸಾರ್” ಅಂದೆ.
ಅವರು ಚೀಟಿ ಬರೆಯುತ್ತಿದ್ದರು:
ಕಣ್ಣು ಉಜ್ಜಬಾರದು, ಒತ್ತಲೇಬಾರದು.
ಕೆಳಗೆ ಎರಡು ಗೆರೆ.
ಅಕ್ಷರ ಚೆನ್ನಾಗಿರಲಿಲ್ಲ. ಆದರೂ ಬೋರ್ಡೇ ಅದು.

ಅದೇ ವಾರ ಮೇದಪ್ಪನವರ ಗೇಟಿಗೆ ಆನೆ ಬಂತು.
ಆನೆಗೆ ಓದು ಬರುವುದಿಲ್ಲ.
ಮರಕ್ಕೆ ಮೈ ತಿಕ್ಕಿ, ಹಲಸಿನ ವಾಸನೆ ಹಿಡಿದು ಹೋಯಿತು.
ಬೋರ್ಡು ರಸ್ತೆಯಂಚಿಗೆ ಬಿತ್ತು, ಬೆನ್ನು ಮೇಲಾಗಿ.
“ಏನಯ್ಯ ಇದು, ಯಾರ ಕಿತಾಪತಿ?” ಫೋನಿನಲ್ಲಿ ಮೇದಪ್ಪ.
ಸುತ್ತಿಗೆ, ಡಬ್ಬಗಳ ಚೀಲ ಹಿಡಿದು ಹೋದೆ.

ಲೈನ್‌ಮನೆಯ ಹುಡುಗಿ, ಎರವರ ಚೋಮಿ,
ತಗಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.
ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ.
ಉಂಗುರದೊಳಗಿನ ಉಂಗುರ ನೋಡಿದಳು,
ಎರಡೂ ಮುಷ್ಟಿ ಕಣ್ಣಿಗೆ ಒತ್ತಿಕೊಂಡಳು
ತುಂಬ ಹೊತ್ತು,
ತೆಗೆದಳು.
“ಹಸಿರಲ್ಲ” ಅಂದಳು. “ಇಲ್ಲಿ ನೀಲಿ ಬರುತ್ತೆ.”

ನಲವತ್ತು ವರ್ಷದಲ್ಲಿ
ನನ್ನ ಒಂದು ಒತ್ತಕ್ಷರವನ್ನೂ ಯಾರೂ ತಿದ್ದಿರಲಿಲ್ಲ.

ನೀಲಿ ಒಂದಿಷ್ಟು ಇತ್ತು, ಕೆನೆಗಟ್ಟಿತ್ತು,
ಕೆನೆ ಒಡೆದು ಕಡ್ಡಿಯಲ್ಲಿ ಕಲಕಿ
ಡಬ್ಬ ಅವಳ ಕಡೆ ಸರಿಸಿದೆ.
ತಿರುವಿನಲ್ಲಿ ಮೇದಪ್ಪನವರ ಜೀಪು ಗೇರು ಬದಲಿಸುತ್ತಿತ್ತು.

ಆಮೇಲೆ ಯಾವ ಬದಿ ಹೊರಗಿಟ್ಟು ಮೊಳೆ ಹೊಡೆದೆ ಎಂಬುದನ್ನು
ಆ ದಾರಿಯಲ್ಲಿ ಹೋಗುವವರು ನೋಡಿಕೊಳ್ಳಲಿ.