ಐಕಿಲೆಯ ಚರಾಂಗೋ ಬಡಗಿಯ ಹೆಂಡತಿ ಹೇಳಿದ್ದು

ಬಸ್ ಕಂಪನಿಯ ಕ್ಯಾಲೆಂಡರಿನ ಮೇಲೆ
ಇದ್ದಿಲಿನಲ್ಲಿ ಗೆರೆ ಎಳೆಯುತ್ತ ಬಂದೆ.
ಸಾಲದ ಲೆಕ್ಕ ಅಂದುಕೊಂಡಳು ನೆರೆಯ ಎರ್ಮೆಲಿಂಡಾ.
ಅಲ್ಲವೇ, ನಮ್ಮ ಸೆನೋಬಿಯೊ ಹಿತ್ತಲಿಗೆ ಹೋಗಿ
ಇವತ್ತಿಗೆ ಇಪ್ಪತ್ತೊಂದು ದಿನ, ಅಂದೆ.
ಅವಳು ನಗಲಿಲ್ಲ. ಅವಳ ಅಣ್ಣನಿಗೂ ಹೀಗೇ ಆಗಿತ್ತು.

ಮೊದಮೊದಲು ಬೈದೆ.
ಕೂತಲ್ಲೇ ಕೂತು ಮರ ಕೆತ್ತಿದರೆ ಇನ್ನೇನಾಗುತ್ತದೆ?
ಅಗಸೆ ಬೀಜ ನೆನೆಸಿಟ್ಟೆ, ಪಪಾಯಿ ತಂದೆ,
ಬೇರು ಮಾರುವ ಮುದುಕಿಯ ಕಷಾಯಕ್ಕೆ
ಎರಡು ಕೋಳಿ ಕೊಟ್ಟೆ.
ಹೊಟ್ಟೆ ಮಾತ್ರ ಬೆಳೆಯಿತು, ಒಂದು ಕಡೆಗೆ ವಾಲಿಕೊಂಡು,
ಎಂಟು ತಿಂಗಳ ಬಸುರಿಯ ಹಾಗೆ.
ಐದು ಹೆತ್ತವಳು ನಾನು, ಹೊರುವುದು ಗೊತ್ತು;
ಇದಕ್ಕೆ ದಿನ ತುಂಬುವುದೇ ಇಲ್ಲವಲ್ಲ.

ಕೋಚಬಾಂಬದ ಆಸ್ಪತ್ರೆಯಲ್ಲಿ
ಡಾಕ್ಟರು ಎಳೆ ಹುಡುಗಿ. ಪುಣ್ಯಕ್ಕೆ ಕೆಚುವಾ ಬರುತ್ತಿತ್ತು.
ಸ್ಟೆತಾಸ್ಕೋಪು ಇಟ್ಟು ಕಾದಳು,
ಗಡಿಯಾರದ ದೊಡ್ಡ ಮುಳ್ಳು ಮೂರು ಸಲ ಹಂದುವವರೆಗೆ.
ಹೊಟ್ಟೆ ಅಂದರೆ ಗುಡುಗುಡು ಅನ್ನಬೇಕು ತಾಯಿ,
ಇಲ್ಲಿ ಸಂತೆ ಮುಗಿದ ಬಯಲು.
ಬೆರಳಿಂದ ತಟ್ಟಿದಳು. ಡಬ್ ಡಬ್.
ಇವನು ಕಣ್ಣು ತೆರೆದ:
"ಪೆಟ್ಟಿಗೆ ಚೆನ್ನಾಗಿದೆ ಡಾಕ್ಟ್ರೇ,
ತಂತಿಯೇ ಇಲ್ಲ."

ಅದೇ, ಅಂದಳು.
ಕರುಳಿನ ಗೋಡೆಯೊಳಗೆ, ಎರಡು ಪದರದ ನಡುವೆ
ನರದ ಪುಟ್ಟ ಪುಟ್ಟ ಗಂಟುಗಳಿರುತ್ತವೆ,
ಹಿಂಡು, ಬಿಡು, ಹಿಂಡು, ಬಿಡು ಅಂತ
ಅಪ್ಪಣೆ ದಾಟಿಸುತ್ತ ಹೋಗುವಂಥವು.
ಅವು ಸತ್ತಿವೆ. ಸ್ನಾಯುವಿದೆ, ದಾರಿಯಿದೆ,
ಎಲ್ಲೂ ಬಂಡೆ ಉರುಳಿ ಬಿದ್ದಿಲ್ಲ.
ನಡಿ ಅನ್ನುವವರೇ ಇಲ್ಲ.

ಕೊಂದದ್ದು ಯಾರು?
ಮಣ್ಣುಗೋಡೆಯ ಬಿರುಕಿನ ವಿಂಚೂಕಾ, ಅಂದಳು.

ಅಷ್ಟೇನಾ! ಆ ಹುಳ ನಮ್ಮ ಮನೆಯ ಮಂದಿಯೇ.
ರಾತ್ರಿ ಸೂರಿನಿಂದ ಟಪ್ಪನೆ ಬೀಳುತ್ತಿತ್ತು,
ನಿದ್ದೆಗಣ್ಣಲ್ಲಿ ಕೆನ್ನೆ ತುರಿಸಿಕೊಂಡು ಮಗ್ಗುಲಾಗುತ್ತಿದ್ದೆವು.
ಕಚ್ಚಿದ್ದರಿಂದ ಅಲ್ಲವಂತೆ.
ರಕ್ತ ಕುಡಿದು ಅಲ್ಲೇ ಹೇತು ಹೋಗುತ್ತದಂತೆ,
ನಾವು ತುರಿಸಿಕೊಂಡದ್ದೇ ಬಾಗಿಲು ತೆರೆದ ಹಾಗೆ.
ಒಂದು ಹುಳ ಒಂದು ರಾತ್ರಿ ಹೇತದ್ದಕ್ಕೆ
ಮೂವತ್ತು ವರ್ಷ ಬಿಟ್ಟು ಇವನು ಹೇಲಲಾರ.
ದೇವರ ಲೆಕ್ಕ ನೋಡು.

ಬೈದದ್ದೆಲ್ಲ ನೆನಪಾಗಿ
ಹೊಟ್ಟೆಗೆ ಹಾಕ್ಕೋ, ಅಂದೆ ಅವನಿಗೆ.
ಅಂದು ನಾಲಿಗೆ ಕಚ್ಚಿಕೊಂಡೆ.
ಇನ್ನೂ ಎಷ್ಟು ಹಾಕಿಕೊಂಡಾನು,
ಅಪ್ಪ ಕೊಡದ ಹೊಲ, ದುಡ್ಡು ಕೊಡದೆ ಹೋದ ಬ್ಯಾಂಡಿನವರು,
ಭೂಕಂಪದ ರಾತ್ರಿ ನಾವು ಹುಗಿದು ಬಂದದ್ದು.
ಅವನು ನಕ್ಕ.
ನಗುವುದಕ್ಕೂ ಒಳಗೆ ಜಾಗವಿರಲಿಲ್ಲ.

ಮೊಳದುದ್ದ ಕತ್ತರಿಸಿ ತೆಗೆದರು.
ಇವನ ತಾತ ಕುರಿಯ ಕರುಳು ಒಣಗಿಸಿ, ಹುರಿ ಮಾಡಿ
ತಂತಿ ಬಿಗಿಯುತ್ತಿದ್ದನಂತೆ.
ಎಚ್ಚರವಾದವನ ಮೊದಲ ಮಾತು:
"ಬಿಸಾಡಿಬಿಟ್ಟರಾ?"

ಆಮೇಲೆ ಕಾಯುವುದು.
ನರ್ಸು ಬಂದು ಕೇಳುತ್ತಾಳೆ, ಗಾಳಿ ಹೋಯಿತೇ?
ಪಕ್ಕದ ಮಂಚದ ಗಣಿ ಕೆಲಸದವ ಕೇಳುತ್ತಾನೆ.
ನೆಲ ಒರೆಸುವವಳು ಕೇಳುತ್ತಾಳೆ.
ಮಗ ಫೋನು ಮಾಡಿ, ಹವೆ ಹೇಗಿದೆ, ಬೆಳೆ ಹೇಗಿದೆ ಅಂತೆಲ್ಲ ಹೇಳಿ
ಕೊನೆಗೆ ಅದನ್ನೇ ಕೇಳುತ್ತಾನೆ.
ಪ್ರಾಯದಲ್ಲಿ ಇವ ಹೂಸಿದರೆ
ಕಂಬಳಿ ಸುತ್ತಿಕೊಂಡು ಅಂಗಳಕ್ಕೆ ಹೋದವಳು ನಾನು,
ಮೂರು ರಾತ್ರಿ ಜಪಮಾಲೆ ಹಿಡಿದು
ಒಂದು ಹೂಸಿಗೆ ಹರಕೆ ಹೊತ್ತೆ.

ನಾಲ್ಕನೆಯ ಬೆಳಗಿನ ಜಾವ ಬಂತು,
ತೆಳ್ಳಗೆ, ಉದ್ದಕ್ಕೆ,
ಬಿರಟೆ ತಿರುಗಿಸುವಾಗ ತಂತಿ ಕುಂಯ್ ಅನ್ನುವ ಹಾಗೆ.
ಗಣಿಯವ ಕತ್ತಲಲ್ಲೇ ಚಪ್ಪಾಳೆ ತಟ್ಟಿದ.

ಹೊರಡುವ ದಿನ ಡಾಕ್ಟರು ನನ್ನ ರಕ್ತವನ್ನೂ ತೆಗೆದಳು.
ಅದೇ ಗೋಡೆ, ಅದೇ ಸೂರು. ನನ್ನಲ್ಲೂ ಇದೆಯಂತೆ.
ಇದ್ದವರಿಗೆಲ್ಲ ಹೀಗಾಗುವುದಿಲ್ಲ, ಅಂದಳು.
ಯಾರಿಗೆ ಆಗುತ್ತದೆ ಅಂತ ಕೇಳಲಿಲ್ಲ.

ಈಗ ಇವನು ಮಲಗಿದ ಮೇಲೆ
ಒಲೆಯ ಪಕ್ಕ ಕೂತು ಕಿವಿಗೊಡುತ್ತೇನೆ.
ಗುಳು ಅನ್ನುತ್ತದೆ. ತಡೆದು, ಮತ್ತೆ, ಗುಳುಗುಳು.
ಹೂಂ, ಅನ್ನುತ್ತೇನೆ. ನಡಿ.