ಹಸಿ ಇರೋವರೆಗೆ

ಬೆಳಿಗ್ಗೆ ಆರಕ್ಕೆ ಪೊರಕೆ ಹಿಡಿದು
ಪಾಟರಿ ಟೌನಿನ ಗಲ್ಲಿಗೆ ಇಳಿದರೆ
ಆ ವರ್ಷ ಗುಡಿಸಲಿಕ್ಕೆ ಕಸವೇ ಇರಲಿಲ್ಲ.
ಯಾರೂ ತುಳಿಯದ ಹೊಂಗೆ ಹೂವು,
ಮಧ್ಯೆ ಒಂದೋ ಎರಡೋ ನೀಲಿ ಮಾಸ್ಕು,
ಸತ್ತ ಬಾವಲಿಯ ಹಾಗೆ ಕಿವಿ ಚಾಚಿಕೊಂಡು.

ಹತ್ತು ವರ್ಷ ನೀರು ಕೊಟ್ಟ ಮನೆಯ ಗೇಟಿಗೆ
ಆವತ್ತು ಬೀಗ.
ಮಹಡಿಯಿಂದ ಆ ಅಮ್ಮ ಕೈಯಾಡಿಸಿದರು:
"ತಪ್ಪು ತಿಳ್ಕೋಬೇಡ ನರಸಮ್ಮ,
ದೂರ ಇರಿ ಅಂತ ಟೀವಿಯಲ್ಲೇ ಹೇಳ್ತಿದ್ದಾರೆ."
ನಾನ್ಯಾಕೆ ತಪ್ಪು ತಿಳೀಲಿ.
ನಮ್ಮಜ್ಜಿ ಕಾಲದಿಂದ ಹೇಳ್ತಿದ್ದಾರೆ,
ಆಗ ಟೀವಿ ಇರಲಿಲ್ಲ.

ಏಳುಮಲೈಗೆ ಆ ಬೇಸಿಗೆ ಮಣ್ಣಿನ ಲಾರಿ ಬರಲಿಲ್ಲ.
ಹೊಸಕೋಟೆ ಕಡೆಯ ಕೆರೆ ಅಲ್ಲೇ ಉಳಿಯಿತು,
ಬ್ಯಾರಿಕೇಡಿನ ಆಚೆ.
ಅಂಗಳದ ತುಂಬ ಗಣಪ, ಸುಡದ, ಬಣ್ಣ ಕಾಣದ,
ಅರವತ್ತೆರಡು. ಕೊಳ್ಳುವವರು ಒಬ್ಬರೂ ಇಲ್ಲ.
ಒಂದು ದಿನ ನೋಡ್ತೀನಿ, ಸಿಮೆಂಟು ತೊಟ್ಟಿಯಲ್ಲಿ
ಒಬ್ಬೊಬ್ಬನನ್ನೇ ಕೂರಿಸಿ ನೀರು ಬಿಡ್ತಿದ್ದಾನೆ.
ಸೊಂಡಿಲು ಮೊದಲು ಕರಗಿತು, ಆಮೇಲೆ ಕಿವಿ,
ಹೊಟ್ಟೆಗೆ ಬಹಳ ಹೊತ್ತು ಬೇಕಾಯಿತು.
ಹೆಂಡತಿ ಪಚ್ಚಮ್ಮ ಬಾಗಿಲಲ್ಲಿ ಸೆರಗು ಕಚ್ಚಿ ನಿಂತಿದ್ದಳು.
"ಹೇಗೂ ಮುಳುಗೋನೇ ತಾನೇ," ಅಂದ,
ನನಗೋ ಅವಳಿಗೋ ತೊಟ್ಟಿಗೋ,
"ಈ ಸಲ ಸ್ವಲ್ಪ ಬೇಗ."

ಆ ಕೆಸರಿನಿಂದ ಎದ್ದವು ಮಡಕೆ.
ಕುತ್ತಿಗೆಗೆ ಹಗ್ಗ, ಹಗ್ಗದ ತುದಿಗೆ ಹಲಗೆ.
ಹಲಗೆ ತುಳಿದರೆ ಮಡಕೆ ಬಾಗುತ್ತೆ, ಕೈಗೆ ನೀರು.
ಔಷಧಿ ಅಂಗಡಿ ಮುಂದೆ ಒಂದು,
ಮಸೀದಿ ಗೋಡೆಗೆ ಒಂದು,
ರೇಷನ್ ಡಿಪೋ ಬಾಗಿಲಿಗೆ ಎರಡು.
ಸೌದೆಗೆ ದುಡ್ಡು ಎಲ್ಲಿಂದ ಬಂತು ಅಂತ ಕೇಳಬೇಡಿ.
ಪಚ್ಚಮ್ಮನ ಕಿವಿಯಲ್ಲಿ ಆಮೇಲೆ ಎಷ್ಟೋ ತಿಂಗಳು
ಬೇವಿನ ಕಡ್ಡಿ ಇತ್ತು.

ಕೊನೆಯ ಮಡಕೆ ತೋರಿಸಿ ನನ್ನನ್ನು ಕರೆದ:
"ಇದು ಕುಡಿಯೋಕೆ. ನಿಮ್ಮೋರಿಗೆ."
ನಮ್ಮೋರಿಗೆ ಅಂತ ಬೇರೆ ಇಡಬೇಡ ಕಣಯ್ಯ, ಅಂದೆ,
ಬೇರೆ ಲೋಟ, ಬೇರೆ ಮಡಕೆ, ನೋಡಿ ನೋಡಿ ಸಾಕಾಗಿದೆ.
ಅವನು ಬಾಯಿ ತೆರೆದ. ಮುಚ್ಚಿದ.
ಮಾರನೇ ದಿನ ಅದು ಅವನದೇ ಜಗುಲಿಯ ಮೇಲಿತ್ತು,
ಪಚ್ಚಮ್ಮ ಅದರಿಂದಲೇ ಮೊಗೆದು ಅಕ್ಕಿ ತೊಳೀತಿದ್ದಳು.
ನಾನೂ ಅದರಿಂದಲೇ ಕುಡಿದೆ.

ಔಷಧಿ ಅಂಗಡಿ ಮುಂದಿನ ಸುಣ್ಣದ ಗುರುತು
ಒಂದೇ ಮಳೆಗೆ ಅಳಿಸಿಹೋಯಿತು.
ಹಳೇ ಸಿಂಬೆಗಳನ್ನು ತಂದು ನೆಲಕ್ಕಿಟ್ಟ,
ನಾಲ್ಕು ಮೊಳಕ್ಕೊಂದು.
"ಎಲ್ಲಾ ಮಡಕೆ ಥರ ನಿಂತ್ಕೊಳ್ಳಿ!
ಹಸಿ ಇರೋವರೆಗೆ ತಾಕಬಾರದು, ತಾಕಿದರೆ ಎರಡೂ ಸೊಟ್ಟ.
ಬೆಂದ ಮೇಲೆ ಬೇಕಾದರೆ
ಒಬ್ಬರ ತಲೆ ಮೇಲೆ ಒಬ್ಬರು ಕೂತ್ಕೊಳ್ಳಿ."
ಮಾಸ್ಕಿನೊಳಗೇ ಸಾಲು ನಕ್ಕಿತು.
ನನ್ನ ಹಿಂದಿನ ಸಿಂಬೆಯಲ್ಲಿ ಮಹಡಿಯ ಅಮ್ಮ.
ಬಗ್ಗಿ ನೋಡಿದೆ, ಅಳತೆ ಒಂದೇ.

ಎರಡನೇ ವರ್ಷ ಅವನು ಬರೀ ಕುಡಿಕೆ ಮಾಡಿದ.
ಅದರ ಮಾತು ಬೇಡ ಅಂತಿದ್ದೆ.
ಬಾಯಿಗೆ ಕಟ್ಟೋ ಬಿಳಿ ಬಟ್ಟೆ ನಾವೇ ಹರಿದು ಕೊಟ್ಟೆವು,
ತಳಕ್ಕೆ ಅವನು ಮೊಳೆಯಲ್ಲಿ ಹೆಸರು ಗೀರುತ್ತಿದ್ದ,
ಕಾಸು ಕೊಡಲು ಬಂದವರಿಗೆ ಬೈಯುತ್ತಿದ್ದ.
ಒಂದು ಕುಡಿಕೆ ಮಹಡಿಯ ಮನೆಗೆ.
ಗೇಟು ಆವತ್ತು ತೆರೆದೇ ಇತ್ತು.
ಯಜಮಾನರ ಬೂದಿಯನ್ನು ನಾನೇ ಹಿಡಿದು ಹೋದೆ,
ಅಮ್ಮ ಎರಡೂ ಕೈ ಚಾಚಿದರು,
ನನ್ನ ಬೆರಳು ಅವರ ಬೆರಳ ಕೆಳಗೆ ಸಿಕ್ಕಿಕೊಂಡಿತು.
ಇಬ್ಬರೂ ತಕ್ಷಣ ತೆಗೀಲಿಲ್ಲ.

ಈಗ ಗೇಟಿಗೆ ಮತ್ತೆ ಬೀಗ ಇದೆ.
ಗಂಟೆ ಒತ್ತಿದರೆ ಸ್ಟೀಲ್ ಲೋಟದಲ್ಲಿ ನೀರು ಬರುತ್ತೆ,
ಅದು ಯಾವ ಲೋಟ ಅಂತ ನಾನು ಕೇಳಿಲ್ಲ.
ಬಾಯಾರಿದರೆ ಏಳುಮಲೈ ಜಗುಲಿಗೇ ಹೋಗ್ತೀನಿ.
ಮಡಕೆಯ ಅಂಚು ಒಡೆದಿದೆ,
ನೀರಿಗೆ ಇನ್ನೂ ಮಣ್ಣಿನ ವಾಸನೆ,
ಸೊಂಡಿಲಿನದೋ ಹೊಟ್ಟೆಯದೋ,
ಯಾರಿಗೆ ಗೊತ್ತು.